ಗುರುಬಾಯಿಯ ನೀಲಿ ಸೀರೆ

ಗಂಡನ ಮಣ್ಣಿಗೆ ಬಂದವರೆಲ್ಲ ಅವರವರ ಊರಿಗೆ ಹೋದರು. ಮರುದಿನ ಬೆಳಿಗ್ಗೆ ನಾನು ಎದ್ದು ಕತ್ತಲೆಕೋಣೆಯ ತೊಟ್ಟಿಗೆ ನೀರು ತುಂಬಿದೆ. ನಾಲ್ಕು ಕೊಡ ಸುರಿದ ಮೇಲೆ, ಫೋಟೋ ತೊಳೆಯುವವರು ಇಲ್ಲ ಎಂಬುದು ನೆನಪಾಯಿತು. ನೀರು ಚೆಲ್ಲಲಿಲ್ಲ.

ನನ್ನ ಗಂಡ ಶಿವಯೋಗೆಪ್ಪ ವಿಜಾಪುರದ ಅಥಣಿ ರಸ್ತೆಯಲ್ಲಿ, ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಸ್ಟುಡಿಯೋ ಇಟ್ಟಿದ್ದರು. ಎಂಟು ದಿನದ ಜ್ವರದಲ್ಲಿ ಹೋದರು. ಧಾರವಾಡದಲ್ಲಿ ಬಿ.ಎ. ಓದಿ ಬಂದ ನನಗೆ ಅವರ ಕೆಲಸವನ್ನೂ ಕಲಿಸಿದ್ದರು. ಕತ್ತಲೆಕೋಣೆಯ ಕೆಂಪು ದೀಪದಲ್ಲಿ ಕೆಂಪು ಬಣ್ಣ ಕಾಣುವುದಿಲ್ಲ. "ಒಳಗ ಬಂದ್ರ ನಿನ್ನ ಕುಂಕುಮ ಮಾಯ ನೋಡು," ಎಂದು ನಗುತ್ತಿದ್ದರು. ಅಂದು ಅದೇ ಕೆಂಪು ದೀಪ ಹಚ್ಚಿ ಕನ್ನಡಿ ನೋಡಿಕೊಂಡೆ. ಹಣೆ ಎಂದಿನಂತೆಯೇ ಇತ್ತು.

ಅವರು ಕೊನೆಗೆ ಫೋಟೋ ತೆಗೆದು ತೊಳೆದಿಟ್ಟ ಗಾಜಿನ ಪ್ಲೇಟು ಹಲಗೆಯ ಮೇಲೆ ಒಣಗಿ ನಿಂತಿತ್ತು. ಮೂಲೆಯಲ್ಲಿ ಅವರ ಹೆಬ್ಬೆರಳಿನ ಗುರುತು. ಪಕ್ಕದಲ್ಲಿ, ಅದರಿಂದ ತೆಗೆದ ಒಂದು ಕಪ್ಪು ಬಿಳುಪು ಪ್ರತಿ.

ಹೊತ್ತೇರುವಾಗ ತಿಕೋಟಾದ ಮುರಿಗೆವ್ವ ಬಂದಳು. ಬಬಲೇಶ್ವರಕ್ಕೆ ಕೊಟ್ಟಿದ್ದ ಅವಳ ಮಗಳು ಗುರುಬಾಯಿ ಹೋದ ವರ್ಷ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ವರ್ಷದ ದಿನ ಹಂಚಲು ಅಳಿಯ ಅಮರಪ್ಪ ಭಜನೆಯ ಪುಸ್ತಕ ಮಾಡಿಸುತ್ತಿದ್ದ. ಮೊದಲ ಪುಟಕ್ಕೆ ಹೆಂಡತಿಯ ಫೋಟೋ ಬೇಕಿತ್ತು. ಇದ್ದದ್ದು ಒಂದೇ, ಸೋಲಾಪುರದಲ್ಲಿ ಕೈಯಿಂದ ಬಣ್ಣ ತುಂಬಿಸಿದ್ದು. ಅಚ್ಚಿಗೆ ಬಣ್ಣ ನಡೆಯುವುದಿಲ್ಲ. ಕಪ್ಪು ಬಿಳುಪು ಪ್ರತಿ ತೆಗೆಯಲೆಂದು ನನ್ನ ಗಂಡ ಅದನ್ನು ಮುರಿಗೆವ್ವನಿಂದ ಎರವಲು ತಂದಿದ್ದರು.

"ನನ್ನ ಫೋಟೋ ಎಲ್ಲೈತ್ರಿ? ಒಯ್ದಾವ್ರು ಹ್ವಾದ್ರು, ಇನ್ನ ಅದೂ ಹೋದ್ರ ನಾ ಏನ್ ಮಾಡ್ಲಿ?"

ಬಣ್ಣದ ಫೋಟೋ ತೋರಿಸಿದೆ. ಆಕಾಶನೀಲಿ ಸೀರೆ, ಕಾಸಗಲ ಕುಂಕುಮ. ಅವಳ ಕಣ್ಣು ಪಕ್ಕದ ಪ್ರತಿಯ ಮೇಲೆ ಬಿತ್ತು.

"ಇದ್ಯಾರ ಬೇ?"

"ಗುರುಬಾಯಿನ ರೀ."

"ಬಿಳಿ ಸೀರಿ ಉಡಿಸೀರಿ! ಹಣಿ ಬೋಳು! ಆಕಿ ಗಂಡ ಬಬಲೇಶ್ವರದಾಗ ಗೂಳಿ ಹಂಗ ತಿರಗಾಕತ್ತಾನ. ಸತ್ತಾಕಿನ್ನ ಮುಂಡಿ ಮಾಡಿ ಊರಿಗೆಲ್ಲ ಹಂಚತೀರೇನು?"

ಆ ಪ್ಲೇಟಿನ ಗುಣವೇ ಹಾಗೆ. ನೀಲಿಯನ್ನು ಬಿಳಿ ಮಾಡುತ್ತದೆ, ಕೆಂಪನ್ನು ಕಪ್ಪು. ಕೆಂಪು ಕಲಸಿ ಬಣ್ಣ ಬಳಿದ ಮುಖವೂ ಕಪ್ಪಾಗಿ ಕುಂಕುಮ ಅದರಲ್ಲಿ ಮುಳುಗಿಹೋಗಿತ್ತು. ಮಸೂರದ ಮುಂದೆ ಹಳದಿ ಗಾಜು ಇಟ್ಟರೆ ನೀಲಿ ಬೂದುಬಣ್ಣಕ್ಕೆ ಬರುತ್ತದೆ. ನನಗೆ ಹೇಳಿಕೊಟ್ಟವರೇ ಅವರು. ಹಳದಿ ಗಾಜು ಡಬ್ಬಿಯಲ್ಲೇ ಇತ್ತು. ಇಡಲು ಮರೆತಿದ್ದರು, ಜ್ವರ ಅಂದೇ ಏರಿರಬೇಕು.

"ಮತ್ತ ತಗೀತೀನ್ರಿ," ಎಂದೆ.

"ನೀನಾ? ಗಂಡ ಹೋಗಿ ವಾರ ಆಗಿಲ್ಲ, ಹೊರಗ ಬರ್ತೀಯೇನು?"

"ಕ್ಯಾಮೆರಾ ಒಳಗ ಐತ್ರಿ."

ಮುರಿಗೆವ್ವ ಬಣ್ಣದ ಫೋಟೋವನ್ನು ನನ್ನ ಕಡೆ ಸರಿಸಿದಳು. "ನಾಕ ದಿನ. ಆಮ್ಯಾಲೆ ನನ್ನ ಮಗಳನ್ನ ನನಗ ತಂದು ಕೊಡು," ಎಂದು ಹೊರಟಳು.

ಮಹಾಯುದ್ಧ ಮುಗಿದಿದ್ದರೂ ಪೇಟೆಯಲ್ಲಿ ಹೊಸ ಪ್ಲೇಟು ಸಿಗುತ್ತಿರಲಿಲ್ಲ. ಮನೆಯಲ್ಲಿ ಒಂದೇ ಉಳಿದಿತ್ತು. ಹಳದಿ ಗಾಜು ಇಟ್ಟು ತೆಗೆದೆ. ಸೀರೆ ಬೂದುಬಣ್ಣಕ್ಕೆ ಬಂತು. ಗಂಡ ತೆಗೆದಿದ್ದ ಪ್ಲೇಟು ಉಳಿದರೆ ಮುಂದೆ ಯಾರಾದರೂ ಅದರಿಂದಲೇ ಪ್ರತಿ ತೆಗೆದಾರು. ಅದನ್ನು ಬಿಸಿನೀರಿಗೆ ಹಾಕಿದೆ. ಗುರುಬಾಯಿ ತೆಳುವಾದ ಪದರವಾಗಿ ಗಾಜು ಬಿಟ್ಟು ಎದ್ದು ನೀರಿನಲ್ಲಿ ತಿರುಗಿದಳು. ಹೆಬ್ಬೆರಳಿನ ಗುರುತೂ ಅವಳ ಜೊತೆಯಲ್ಲೇ ಹೋಯಿತು.

ಹೊಸ ಪ್ರತಿಯಲ್ಲೂ ಕುಂಕುಮ ಏಳಲಿಲ್ಲ. ಹಣೆಯನ್ನು ಚಾಕುವಿನಿಂದ ತುಸು ಕೆರೆದು ಬೆಳ್ಳಗೆ ಮಾಡಿ, ಕುಂಚದಿಂದ ಮಸಿಯ ಬೊಟ್ಟು ಇಡಬೇಕು. ಕೆರೆದೆ. ಬಾಗಿಲಲ್ಲಿ ನನ್ನ ಅತ್ತೆ ಲಕ್ಕವ್ವ ನಿಂತಿದ್ದರು.

"ಬೊಟ್ಟು ಮಾತ್ರ ನೀ ಇಡಬ್ಯಾಡವಾ. ಮುತ್ತೈದಿ ಹಣಿ ಅದು. ಮುತ್ತೈದಿ ಕೈಲೆ ಇಡಸು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆಗಲಿ ಎಂದೆ.

ನಾಲ್ಕನೆಯ ದಿನ ಫೋಟೋ, ಪ್ರತಿ, ಮಸಿ, ಕುಂಚ ಹಿಡಿದು ಮೋಟಾರು ಬಸ್ಸಿನಲ್ಲಿ ತಿಕೋಟಾಕ್ಕೆ ಹೋದೆ. ಮುರಿಗೆವ್ವ ಪ್ರತಿಯನ್ನು ಬಾಗಿಲ ಬೆಳಕಿಗೆ ಹಿಡಿದಳು.

"ನೀಲಿ ಅಲ್ಲ."

"ಅಲ್ರಿ. ಬಿಳಿನೂ ಅಲ್ಲ."

"ಹೂಂ. ಹಣಿ?"

ಮಸಿಯ ಬಾಟಲಿ ತೆರೆದೆ. "ಯಾರನ್ನಾರ ಮುತ್ತೈದೀನ ಕರೀರಿ."

ಅವಳು ಎದ್ದು ಹೋಗಿ ಬಾಗಿಲ ಅಗಳಿ ಹಾಕಿದಳು.

"ಮಗಳು ಹ್ವಾದ ದಿನ ಆಕಿಗೆ ಕುಂಕುಮ ಹಚ್ಚಾಕ ಐದು ಮಂದಿ ಮುತ್ತೈದೇರು ಬಂದ್ರು. ನನ್ನನ್ನ ಹೊರಗ ಅಂಗಳದಾಗ ಕುಂದರಿಸಿದ್ರು. ಗಂಡ ಇಲ್ದಾಕಿ, ನೀ ಮುಟ್ಟಬಾರದು ಅಂದ್ರು. ಹಡದಾಕಿ ನಾನು. ಇವತ್ತ ಯಾರನ್ನೂ ಕರಿಯಂಗಿಲ್ಲ."

ಕುಂಚ ತೆಗೆದುಕೊಂಡಳು. ಮಸಿಯಲ್ಲಿ ಅದ್ದಿದಳು. ತುದಿಯಲ್ಲಿ ಮಸಿ ತುಂಬಿ ಬೀಳುವಂತಾಯಿತು. ಕುಂಚವನ್ನು ನನ್ನ ಕೈಗೆ ಕೊಟ್ಟಳು.

"ನೀ ಇಡು."

"ನಾನೂ..."

"ಗೊತ್ತೈತಿ. ಇಡು ಬೇ, ಒಣಗತೈತಿ."

ಉಸಿರು ಹಿಡಿದು ಇಟ್ಟೆ. ದುಂಡಗೆ ಬಂತು. ಅದು ಆರುವವರೆಗೆ ಮುರಿಗೆವ್ವ ಸೆರಗಿನಿಂದ ಗಾಳಿ ಹಾಕಿದಳು.

ಪ್ರತಿಯನ್ನು ಅಚ್ಚಿಗೆ ಬ್ಲಾಕು ಮಾಡುವ ಸೋಲಾಪುರದವರಿಗೆ ಕಳಿಸಲು ಎತ್ತಿಟ್ಟುಕೊಂಡೆ. ಸುತ್ತಿದ್ದ ಅರಿವೆ ಬಿಚ್ಚಿ ಬಣ್ಣದ ಫೋಟೋ ತೆಗೆದೆ.

"ನಮ್ಮ ಮನಿಯವ್ರು ಒಯ್ದಿದ್ರಲ್ರಿ, ತಗೋರಿ."

ಮುರಿಗೆವ್ವ ಕೈಯನ್ನು ಸೀರೆಗೆ ಒರೆಸಿಕೊಂಡು ಎರಡೂ ಕೈ ಚಾಚಿದಳು.