ಮುಳುಗಿದ ಮಂಚ

ಗುಹೆ ತೋರಿಸುವವನಿಗೆ ಊರವರಿಟ್ಟ ಹೆಸರು ಸಿಡಿಮಿಡಿ. ಹೆಸರಿಗೆ ಕುಂದು ಬಾರದ ಹಾಗೆ ಅವತ್ತೂ ಬೆಳಗಿನಿಂದಲೇ ಕುದಿಯುತ್ತಿದ್ದ. ಮ್ಯಾನೇಜರ್ ಅವನ ಜಾಗಕ್ಕೆ ಮಾತಾಡುವ ಡಬ್ಬಿ ತರಿಸಿಟ್ಟಿದ್ದ. "ಇವತ್ತಿನ ಗುಂಪಲ್ಲಿ ಒಬ್ಬರು ಆಕಳಿಸಿದರೂ ನಾಳೆಯಿಂದ ಡಬ್ಬೀನೇ ಮಾತಾಡುತ್ತೆ. ನೀನು ಮನೇಲಿ ಮಾತಾಡು," ಎಂದಿದ್ದ.

ಅದು ಸಾಲದು ಅಂತ, ಕಲ್ಲುಗಳ ಬಗ್ಗೆಯೇ ಓದಿಕೊಂಡಿದ್ದ ಅತ್ತಿಗೆ ಗುಹೆಯೊಳಗೆ ಅಳತೆ ಪಟ್ಟಿ ಹಿಡಿದು ನಿಂತಿದ್ದಳು.

"ಅತ್ತಿಗೆ, ಅದು ರಾಜನ ಮಂಚ. ನನ್ನ ಅನ್ನ. ಅದರ ತಂಟೆಗೆ ಬರಬೇಡಿ."

ಎರಡಾಳೆತ್ತರದಲ್ಲಿ ಗೋಡೆಯಿಂದ ಚಾಚಿದ್ದ ಬಿಳಿ ಕಲ್ಲಿನ ಹಲಗೆಗೆ ಟಾರ್ಚ್ ಬಿಟ್ಟು ಅತ್ತಿಗೆ ನಕ್ಕಳು. "ಗುಹೆ ಪೂರ್ತಿ ಸುತ್ತೋ ಮಂಚಾನಾ? ನಿನ್ನ ರಾಜ ಮಲಗ್ತಿದ್ದನೋ, ಉರುಳಾಡ್ತಿದ್ದನೋ?"

"ಮತ್ತೇನದು?"

"ನಮ್ಮನೆ ಬಚ್ಚಲಿನ ಬಕೆಟ್ ನೋಡಿಲ್ವಾ? ನೀರು ನಿಂತ ಮಟ್ಟಕ್ಕೆ ಬಿಳಿ ಗೆರೆ."

"ತಿಕ್ಕಿ ತಿಕ್ಕಿ ನನ್ನ ತೋಳೇ ಬಿದ್ದುಹೋಗಿದೆ."

"ಅದೇ ಕಣಪ್ಪ ಇದು. ನೆಲದೊಳಗಿನ ನೀರು ಒಂದು ಕಾಲಕ್ಕೆ ಅಲ್ಲೀವರೆಗೂ ನಿಂತಿತ್ತು. ಅದರಲ್ಲಿ ಕರಗಿದ್ದ ಸುಣ್ಣ ಅಂಚಲ್ಲಿ ಕಟ್ಟಿ ಕಟ್ಟಿ ಹಲಗೆಯಾಯ್ತು. ಮೇಲಿಂದ ಇಳಿಬಿದ್ದ ಆ ಕಲ್ಲಿನ ಕೋಲುಗಳನ್ನ ನೋಡು, ಅದೇ ಮಟ್ಟಕ್ಕೆ ಬಂದಮೇಲೆ ಗದೆ ಹಾಗೆ ದಪ್ಪ. ತುದಿ ನೀರಲ್ಲಿ ಅದ್ದಿತ್ತು."

ಸಿಡಿಮಿಡಿಯ ಮೈಯೆಲ್ಲ ಉರಿಯಿತು. ಅಜ್ಜನ ಕಾಲದಿಂದ ಬಂದ ರಾಜನನ್ನು ಒಂದು ಬಕೆಟ್ಟಿನಲ್ಲಿ ಮುಳುಗಿಸಿಬಿಟ್ಟಳಲ್ಲ! ಸುಳ್ಳು ಎನ್ನಲು ಬಾಯಿ ತೆರೆದ. ಕಣ್ಣು ಒಪ್ಪಲಿಲ್ಲ. ಹಲಗೆ ನಿಂತ ನೀರಿನಷ್ಟೇ ಮಟ್ಟಸವಾಗಿತ್ತು.

ಅಷ್ಟರಲ್ಲಿ ಗುಂಪು ಬಂತು. ಹಿಂದೆ ಕೈಕಟ್ಟಿಕೊಂಡು ಮ್ಯಾನೇಜರ್, ಎಲ್ಲರ ಬಾಯಿಯನ್ನೇ ಕಾಯುತ್ತ.

"ಇದು ರಾಜನ..." ಎಂದು ಸಿಡಿಮಿಡಿ ಶುರುಮಾಡಿದ್ದಷ್ಟೇ, ಮುಂದಿದ್ದ ದಢೂತಿ ಮನುಷ್ಯನ ದವಡೆ ಮೆಲ್ಲಗೆ ಕೆಳಗಿಳಿಯತೊಡಗಿತು. ಸಿಡಿಮಿಡಿಗೆ ಸಿಟ್ಟು ನೆತ್ತಿಗೇರಿತು.

"ಬಾಯಿ ಮುಚ್ಚಿ ಸ್ವಾಮಿ! ನೀರು ಹೋಗುತ್ತೆ!"

ದವಡೆ ಟಪ್ಪೆಂದು ಮುಚ್ಚಿತು.

ಕೂಗಿದ್ದೇನೋ ಆಯಿತು, ಇನ್ನು ಹಿಂದೆ ಸರಿಯುವ ಹಾಗಿಲ್ಲ. ದೀಪ ಆರಿಸಿ ಹಲಗೆಗೆ ಟಾರ್ಚ್ ಬಿಟ್ಟ. "ಅಗೋ, ಅದೇ ನೀರಿನ ಮೇಲ್ಮೈ. ನಾವೆಲ್ಲ ಈಗ ಅದರ ತಳದಲ್ಲಿದ್ದೀವಿ. ಉಸಿರು ಕಟ್ಟಿ!"

ಎಲ್ಲರೂ ಕತ್ತೆತ್ತಿ ಉಸಿರು ಕಟ್ಟಿದರು. ಒಬ್ಬಳು ಅಜ್ಜಿಯಂತೂ ಚಪ್ಪಲಿ ಬಿಚ್ಚಿ ಕೈಗೆತ್ತಿಕೊಂಡಳು. ಸಿಡಿಮಿಡಿ ಬೆಳಕನ್ನು ಗೋಡೆಗುಂಟ ಇಷ್ಟಿಷ್ಟೇ ಕೆಳಗಿಳಿಸಿದ. ಬೆಳಕಿನ ಜೊತೆ ನೀರೂ ಇಳಿಯಿತು: ಎದೆ, ಸೊಂಟ, ಮೊಣಕಾಲು, ಪಾದ.

"ಹೂಂ, ಬಿಡಿ!"

ಉಸಿರೂ ನಗುವೂ ಒಟ್ಟಿಗೇ ನುಗ್ಗಿ ಗುಹೆ ಮೊಳಗಿತು. ಎಲ್ಲರಿಗಿಂತ ಕೊನೆಗೆ ಉಸಿರು ಬಿಟ್ಟವನು ಮ್ಯಾನೇಜರ್. ಅಲ್ಲಿಯವರೆಗೂ ಕೆನ್ನೆ ಬಲೂನಾಗಿತ್ತು.

"ಸಾರ್, ನಿಮ್ಮ ಡಬ್ಬಿಗೆ ಉಸಿರು ಕಟ್ಟೋಕೆ ಬರುತ್ತಾ?"

"ಸಾಕು ಬಿಡಯ್ಯ," ಎಂದ ಮ್ಯಾನೇಜರ್, ಕಣ್ಣೊರೆಸಿಕೊಂಡು ನಗುತ್ತ. "ಅದನ್ನ ವಾಪಸ್ ಕಳಿಸ್ತೀನಿ. ಇನ್ನೊಂದು ಸಲ ಮುಳುಗಿಸು."