ಐದನೆಯ ವೇಷ

ಹಿಂದಿನ ಬೀದಿಯ ಕಾಲೇಜಿಗೆ ಹೊರದೇಶದ ಮಕ್ಕಳು ದಂಡುದಂಡಾಗಿ ಬರುತ್ತಾರೆ, ನಮ್ಮಲ್ಲಿರುವುದು ಒಬ್ಬಳೇ. ಇದು ನಮ್ಮಣ್ಣನ ಹೊಟ್ಟೆಯುರಿ. ಅಪ್ಪ ಕಟ್ಟಿದ ಕಾಲೇಜಿಗೆ ಅವನು ಪ್ರಿನ್ಸಿಪಾಲ್. ನಾನು ಅರ್ಥಶಾಸ್ತ್ರದ ಮೇಡಂ, ಜೊತೆಗೆ ಹುಡುಗಿಯರ ಹಾಸ್ಟೆಲಿನ ವಾರ್ಡನ್. ಹಿಂದಿನ ಬೀದಿಯವರ ಕಟ್ಟಡವೇನೂ ನಮ್ಮದಕ್ಕಿಂತ ಚೆಂದವಿಲ್ಲ, ಫೀಸೂ ಹೆಚ್ಚು. ಆದರೂ ಎಲ್ಲರೂ ಅಲ್ಲಿಗೇ ಹೋಗುತ್ತಾರೆ.

ಪ್ರಚಾರ ಸಾಲದು ಎಂದು ತೀರ್ಮಾನಿಸಿದ ಅಣ್ಣ ಫೋಟೋದವನನ್ನು ಕರೆಸಿದ. ಇದ್ದೊಬ್ಬಳನ್ನೇ ಲೈಬ್ರರಿಯಲ್ಲಿ ಕನ್ನಡಕ ಹಾಕಿಸಿ, ಲ್ಯಾಬಿನಲ್ಲಿ ಬಿಳಿ ಕೋಟು ತೊಡಿಸಿ, ಮೈದಾನದಲ್ಲಿ ಟೋಪಿ ಇಡಿಸಿ, ಮೆಟ್ಟಿಲ ಮೇಲೆ ಕೂದಲು ಬಿಚ್ಚಿಸಿ ನಿಲ್ಲಿಸಿದ. ನನಗೆ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಮರುದಿನದಿಂದ ದೊಡ್ಡ ರಜೆ. ಹಾಸ್ಟೆಲಿಗೆ ಬೀಗ ಬಿದ್ದರೆ ಆ ಹುಡುಗಿಗೆ ತಲೆ ಇಡಲು ಜಾಗವಿರಲಿಲ್ಲ. ಎರಡು ವಿಮಾನ ಬದಲಿಸಿ ಹೋಗಬೇಕಾದ ಊರು. ಪ್ರತಿ ರಜೆಗೂ ಹೋಗಿಬರುವ ಮಾತೇ ಇಲ್ಲ. ಕಳೆದ ರಜೆಯಲ್ಲಿ ಪೆಟ್ಟಿಗೆ ಹೊತ್ತು ಗೆಳತಿಯರ ಮನೆಮನೆ ಅಲೆದಿದ್ದಳು. ಹಿಂದಿನ ಬೀದಿಯವರು ರಜೆಯಲ್ಲಿ ಬೀಗ ಹಾಕುವುದೇ ಇಲ್ಲ. ಇದನ್ನು ಅಣ್ಣನಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು.

ಐದನೆಯ ಫೋಟೋಗೆ ತನ್ನ ಆಫೀಸು ಕೋಣೆಯಲ್ಲೇ ನಿಲ್ಲಿಸಿ, ಅಣ್ಣ ಒಂದು ಕೆಂಪು ಸ್ವೆಟರ್ ಚಾಚಿದ. ಹುಡುಗಿ ಅದನ್ನು ಕುರ್ಚಿಯ ಮೇಲೆ ಎಸೆದಳು.

"ಸಾಕು ಸರ್. ನಮ್ಮೂರಿನವರು ಫೋಟೋ ನೋಡಿ ಬರಲ್ಲ, ನನಗೆ ಫೋನ್ ಮಾಡಿ ಕೇಳ್ತಾರೆ. ಚಿಕ್ಕಮ್ಮನ ಮಗಳು ನಿನ್ನೆ ಕೇಳಿದ್ಳು, ಬರಲಾ ಅಂತ. ಏನು ಹೇಳಲಿ?"

"ಕಾಲೇಜು ಚೆನ್ನಾಗಿದೆ ಅನ್ನಮ್ಮ!"

"ರಜೆ ಬಂದ್ರೆ ಬೀದಿಗೆ ಹಾಕ್ತಾರೆ ಅಂತೀನಿ."

ಫೋಟೋದವನು ಕ್ಯಾಮೆರಾದ ಹಿಂದೆ ಮುಖ ಮರೆಸಿಕೊಂಡು ನಕ್ಕ. ಅಣ್ಣ ನನ್ನ ಮೇಲೆ ಹಾರಾಡಿದ.

"ನೀನೇ ಇವಳನ್ನ ತಲೆ ಮೇಲೆ ಕೂರಿಸ್ಕೊಂಡಿರೋದು! ಒಬ್ಬಳಿಗೋಸ್ಕರ ಇಡೀ ಹಾಸ್ಟೆಲ್ ತೆಗೆದಿಡೋಕಾಗುತ್ತಾ? ನಾಳೆ ಬೀಗ ಬೀಳಲೇಬೇಕು."

ಗೋಡೆಯ ಮೊಳೆಯಲ್ಲಿ ಹಾಸ್ಟೆಲಿನ ಬೀಗ ಕೀಲಿಯ ಸಮೇತ ನೇತಾಡುತ್ತಿತ್ತು. ಅದನ್ನು ತೆಗೆದು ನನ್ನ ಕೈಚೀಲಕ್ಕೆ ಹಾಕಿಕೊಂಡೆ. ಅಪ್ಪನ ಕಾಲೇಜು ಅವನೊಬ್ಬನದೇ ಏನಲ್ಲ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಬೇಡ ಬಿಡಣ್ಣ, ಒಬ್ಬಳಿಗೋಸ್ಕರ ಹಾಸ್ಟೆಲ್ ತೆಗೀಬೇಡ," ಎಂದು ಕ್ಯಾಮೆರಾದ ಪರದೆಯನ್ನು ಅವನ ಕಡೆ ತಿರುಗಿಸಿದೆ. "ಇದರಲ್ಲಿ ನಾಲ್ಕು ಜನ ಇದ್ದಾರಲ್ಲ, ಅವರಿಗೋಸ್ಕರ ತೆಗಿ."