ಚಿಕ್ಕಪ್ಪನ ಮೊಂಡುಮೂತಿ ಗುಂಡುಗಳು

ನಮ್ಮ ಕೊಚೆವ್ಯೆ ಕಾಡುಸೀಮೆಯ ಬೇಟೆಗಾರರಲ್ಲಿ ಸ್ರೆಚ್ಕೊನಷ್ಟು ಅಚ್ಚುಕಟ್ಟಾಗಿ ತೋಟಾ ತುಂಬುವವನು ಇನ್ನೊಬ್ಬನಿರಲಿಲ್ಲ. ಹಾರಿಸಿದ ತೋಟಾದ ಹಿತ್ತಾಳೆ ಚಿಪ್ಪನ್ನು ಹೆಕ್ಕಿ ತಂದು, ತೊಳೆದು, ಮದ್ದಿಗೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದನ್ನು ತೂಗಿ ಸುರಿದು, ಬಾಯಿಗೆ ಗುಂಡು ಒತ್ತುತ್ತಿದ್ದ. ತೇವ ತಗಲದಿರಲೆಂದು ಗುಂಡಿನ ಸುತ್ತ ಹೆಂಡತಿಯ ಕೆಂಪು ಉಗುರುಬಣ್ಣ ಬಳಿಯುತ್ತಿದ್ದ. ಅದನ್ನು ನೋಡಿ ನಗದವರಿಲ್ಲ. ಅವನ ಗುರಿ ನೋಡಿ ಹೊಟ್ಟೆ ಉರಿಯದವರೂ ಇಲ್ಲ.

ಮಕ್ಕಳಿಲ್ಲದ ಅವನು ತೀರಿಕೊಂಡಾಗ ಹಳೆಯ ಆಸ್ಟ್ರಿಯಾ ರೈಫಲ್ಲು ಅಣ್ಣನ ಮಗಳು ಯೆರ್ನೆಯಾಳ ಪಾಲಿಗೆ ಬಂತು. ಆಕೆ ದನದ ಡಾಕ್ಟರು, ಬೇಟೆಯಲ್ಲೂ ಚಿಕ್ಕಪ್ಪನದೇ ಶಿಷ್ಯೆ. ರೈಫಲ್ಲು ಬಂತು, ಅರ್ಧ ತುಂಬಿದ ಮದ್ದಿನ ಡಬ್ಬಿ ಬಂತು. ನೆಲಮಾಳಿಗೆಯ ಕಪಾಟಿನಲ್ಲಿ ಸಾಲಾಗಿ ಇರುತ್ತಿದ್ದ ತೋಟಾಗಳು ಮಾತ್ರ ಬರಲಿಲ್ಲ. ಹೋಗಿ ನೋಡಿದರೆ ಕಪಾಟು ಖಾಲಿ.

"ನಂಗೇನಮ್ಮ ಗೊತ್ತು?" ಎಂದಳು ಚಿಕ್ಕಮ್ಮ ಪಾವ್ಲಾ. "ಮದ್ದಿನ ಡಬ್ಬಿ ಅಡುಗೆಮನೇಲಿತ್ತು, ಆವತ್ತೇ ನಿಂಗೆ ಕೊಟ್ಬಿಟ್ಟೆ. ಮಣ್ಣು ಮಾಡಿದ ದಿನ ಬಂದೋರೆಲ್ಲ ಬ್ರಾಂದಿ ತರೋಕೆ ಅಂತ ಕೆಳಗೆ ಇಳೀತಿದ್ರು."

"ಯಾರ್ಯಾರು?"

"ವಿಂಕೊ ಅಂತೂ ಮತ್ತೆ ಮತ್ತೆ ಇಳಿದ." ಚಿಕ್ಕಮ್ಮ ಸೇರಿಸಿದಳು, "ಅವನು ಕುಡಿಯೋದೇ ಇಲ್ಲ."

ವಿಂಕೊ ಚಿಕ್ಕಪ್ಪನ ಬೇಟೆಯ ಜೊತೆಗಾರ. 'ಸಾಯೋವಾಗ ಈ ರೈಫಲ್ ನಂಗೆ ಬರೆದುಕೊಟ್ಟು ಸಾಯಿ' ಎಂದು ಬೇಟೆಗಾರರ ಸಂಘದ ಮನೆಯಲ್ಲಿ ಎಲ್ಲರೆದುರು ತಮಾಷೆ ಮಾಡುತ್ತಿದ್ದವನು. ಆ ತಮಾಷೆ ಯೆರ್ನೆಯಾಗೆ ಈಗ ಬೇರೆಯೇ ಆಗಿ ಕೇಳಿಸಿತು.

ತೋಟಾ ತಾನೇ ತುಂಬೋಣವೆಂದರೆ ಗುಂಡು ಸಿಗಬೇಕಲ್ಲ. ಆ ರೈಫಲ್ಲಿನ ಹೊಟ್ಟೆಯೊಳಗೆ ತೋಟಾ ಮೇಲೆತ್ತುವ ಗಾಲಿ ಉದ್ದನೆಯ, ತೂಕದ, ಮೊಂಡುಮೂತಿಯ ಗುಂಡನ್ನಷ್ಟೇ ಒಪ್ಪುತ್ತದೆ; ಚೂಪು ಮೂತಿಯದು ಕೊಟ್ಟರೆ ಕಚ್ಚಿಕೊಂಡು ನಿಲ್ಲುತ್ತದೆ. ಅಂಥದ್ದನ್ನು ಈಗ ಯಾರೂ ಮಾಡುವುದಿಲ್ಲ. ರಾಜಧಾನಿ ಲ್ಯುಬ್ಲ್ಯಾನಾದ ಅಂಗಡಿಯವನು, "ಮ್ಯೂಸಿಯಂನಲ್ಲಿ ಕೇಳಿ ಮೇಡಂ" ಅಂದ. ಗಡಿಯಾಚೆಯ ಗೊರಿಜಿಯಾದವನೊಬ್ಬ ಅದೇ ಗುಂಡೆಂದು ಪ್ರಮಾಣ ಮಾಡಿ ಕಳಿಸಿದ್ದು ಅಳೆದರೆ ಕೂದಲೆಳೆಯಷ್ಟು ಹೆಚ್ಚು ದಪ್ಪ. ಅದನ್ನು ಹಾಕಿ ಹಾರಿಸಿದರೆ ಕೋವಿಯೇ ಸಿಡಿದೀತೆಂದು ಹಾಗೇ ವಾಪಸು ಕಳಿಸಿದಳು. ಅಂದಿನಿಂದ ಯಾರು ಏನು ಕೊಟ್ಟರೂ ಅಳೆಯದೆ ನಂಬುತ್ತಿರಲಿಲ್ಲ.

ಹೀಗಿರುವಾಗ ವಿಂಕೊ ಒಂದು ದಿನ ಅವಳ ದನದ ಆಸ್ಪತ್ರೆಗೆ ಬಂದು ಕಾಫಿ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟ. ತುಂಬ ಮೊಂಡುಮೂತಿಯ ಗುಂಡುಗಳು.

"ಎಲ್ಲಿ ಸಿಕ್ತು ಮಾವ?"

"ಹುಡುಕಿದ್ರೆ ಸಿಗುತ್ತೆ."

"ನಾನು ಹುಡುಕಿಲ್ವಾ?"

"ನಿಂಗೆ ಹಸು ಹೊಟ್ಟೇಲಿ ಹುಡುಕಿ ಅಭ್ಯಾಸ, ಹೊರಗಿರೋದು ಎಲ್ಲಿ ಕಾಣುತ್ತೆ!" ಅವನೊಬ್ಬನೇ ನಕ್ಕ. ಹೊರಟವನು ಬಾಗಿಲ ಹತ್ತಿರ ತಿರುಗಿ ನಿಂತ. "ಮದ್ದು ಯಾವ್ದು ಹಾಕ್ತೀಯಾ?"

"ಯಾಕೆ?"

"ಸುಮ್ನೆ ಕೇಳ್ದೆ. ಹೊಸ ಡಬ್ಬಿ ತಗೋ ಮಗಳೇ. ಹಳೇದೇನಾದ್ರೂ ಇದ್ರೆ ಬಿಸಾಕು."

"ನನ್ನ ಹತ್ರ ಹಳೇದಿಲ್ಲ," ಎಂದು ಯೆರ್ನೆಯಾ ಸುಳ್ಳು ಹೇಳಿದಳು. ಚಿಕ್ಕಪ್ಪನ ಡಬ್ಬಿಯ ಮೇಲೂ ಇವನಿಗೆ ಕಣ್ಣೇ?

ಅವನು ಹೋದ ಮೇಲೆ ಭೂತಗನ್ನಡಿ ಹಿಡಿದು ನೋಡಿದಳು. ಅಳತೆ ಸರಿಯಾಗಿತ್ತು. ಆದರೆ ಪ್ರತಿ ಗುಂಡಿನ ಮೈಮೇಲೂ ಇಕ್ಕಳದ ಗೀರು, ಸೊಂಟದಲ್ಲಿ ಚಿಪ್ಪಿನ ಬಾಯಿ ಒತ್ತಿದ ಉಂಗುರದ ಗುರುತು. ಹೊಸ ಗುಂಡಲ್ಲ, ತುಂಬಿದ ತೋಟಾದಿಂದ ಕಿತ್ತದ್ದು. ಒಂದರ ಮೇಲೆ ಕೆಂಪು ಬಣ್ಣದ ಚಕ್ಕೆ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದಳು. ಚಿಕ್ಕಮ್ಮನ ಉಗುರುಬಣ್ಣ.

ಅವಳಿಗೆ ಕೋಪಕ್ಕಿಂತ ಹೆಚ್ಚಾಗಿ ಅಸಹ್ಯವಾಯಿತು. ಸತ್ತವನ ಮನೆಯಿಂದ ಕದ್ದದ್ದನ್ನು ಅವನ ಮಗಳಂಥವಳಿಗೆ ತಂದು ಉಪಕಾರ ಮಾಡುವುದೇ! ರೈಫಲ್ಲನ್ನು ಮೆಲ್ಲಗೆ ಕೇಳುವುದಕ್ಕೆ ಇದು ಪೀಠಿಕೆಯೋ? ಬೆಳಗ್ಗೆ ನೇರ ಅವನ ಮನೆಗೇ ಹೋದಳು. ವಿಂಕೊ ಅಂಗಳದಲ್ಲಿ ಬೀಚ್ ಮರದ ಸೌದೆ ಒಡೆಯುತ್ತಿದ್ದ.

"ಚಿಕ್ಕಪ್ಪನ ತೋಟಾ ಕದ್ದಿದ್ದು ನೀವು."

ಕೊಡಲಿ ಕೊರಡಿನಲ್ಲೇ ಉಳಿಯಿತು. "ಹೌದು," ಎಂದ.

ಅವನು ಇಲ್ಲವೆನ್ನುತ್ತಾನೆಂದು ಮಾತು ಜೋಡಿಸಿಕೊಂಡು ಬಂದಿದ್ದವಳು, "ಯಾಕೆ?" ಎಂದಷ್ಟೇ ಕೇಳಿದಳು.

"ಹೋದ ವರ್ಷ ನಾವಿಬ್ಬರೂ ಹಂದಿ ಕಾಯ್ತಾ ಕೂತಿದ್ವಿ," ವಿಂಕೊ ಅವಳ ಮುಖ ನೋಡದೆ ಹೇಳಿದ. "ಸ್ರೆಚ್ಕೊ ಈಡು ಹೊಡೆದ. ಆ ಸದ್ದೇ ಸರಿಯಿರ್ಲಿಲ್ಲ. ರೈಫಲ್ಲಿನ ಹಿಂದಿನ ಬೋಲ್ಟು ಜಪ್ಪಯ್ಯ ಅಂದ್ರೂ ತೆರೀಲಿಲ್ಲ, ದೊಣ್ಣೇಲಿ ಹೊಡೆದು ತೆಗೆದ್ವಿ. ಕೇಪು ಚಪ್ಪಟೆಯಾಗಿತ್ತು. ಹಿತ್ತಾಳೆ ಮೆತ್ತಗಿದೆ ಕಣೋ ಅಂತ ನಕ್ಬಿಟ್ಟ. ಆಮೇಲೆ ನಂಗೆ ಒಂದು ತೋಟಾ ಕೊಟ್ಟಿದ್ದ, ಅವನು ಸತ್ತ ದಿನ ಬಿಚ್ಚಿ ನೋಡ್ದೆ. ರೈಫಲ್ ಮದ್ದಿನ ಜೊತೆ ಚರೆಕೋವಿ ಮದ್ದು ಬೆರೆತಿತ್ತು. ಅದು ಎಂಥಾ ಬೇಗ ಉರಿದು ರೈಫಲ್ಲನ್ನೇ ಸಿಡಿಸುತ್ತೆ ನಿಂಗೆ ಗೊತ್ತಲ್ಲ."

"ಚಿಕ್ಕಪ್ಪ ಅಂಥ ತಪ್ಪು ಮಾಡೋರಲ್ಲ."

"ಅದಕ್ಕೇ ಬಾಯಿ ಬಿಡ್ಲಿಲ್ಲ. ತೋಟಾ ಕಾಣೆಯಾದ್ರೆ ನೀನೂ ಕೇಳ್ದೆ ಬಿಡ್ತೀಯ, ಅವನ ಹೆಸರು ಹಾಗೇ ಉಳಿಯುತ್ತೆ ಅಂದ್ಕೊಂಡೆ. ಎಲ್ಲಾ ಬಿಚ್ಚಿ ಮದ್ದನ್ನ ಬಯಲಲ್ಲಿ ಸುಟ್ಟೆ. ನೀನು ಗುಂಡು ಗುಂಡು ಅಂತ ಊರೂರು ಅಲೆಯೋದು ನೋಡಕ್ಕಾಗದೆ ತಂದುಕೊಟ್ಟೆ. ಬೆರಕೆ ಮದ್ದಿನ ಡಬ್ಬಿ ಮಾತ್ರ ನೆಲಮಾಳಿಗೇಲಿ ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ."

ಕಥೆ ಚೆನ್ನಾಗಿದೆ ಅಂದುಕೊಂಡಳು ಯೆರ್ನೆಯಾ. ಸತ್ತವನ ಮೇಲೆ ತಪ್ಪು ಹೊರಿಸುವುದು ಸುಲಭ, ಅವನು ಎದ್ದು ಬಂದು ಇಲ್ಲವೆನ್ನಲಾರ. "ನೋಡ್ತೀನಿ," ಎಂದಷ್ಟೇ ಹೇಳಿ ಹೊರಟಳು.

ಮನೆಗೆ ಬಂದು ಚಿಕ್ಕಪ್ಪನ ಡಬ್ಬಿಯನ್ನು ಬಿಳಿ ತಟ್ಟೆಗೆ ಸುರಿದಳು. ವಿಂಕೊನ ಕೈ ಒಮ್ಮೆಯೂ ತಗಲದ ಡಬ್ಬಿ. ಕಡ್ಡಿಯಂಥ ಸಣ್ಣ ತುಣುಕುಗಳು, ರೈಫಲ್ ಮದ್ದಿನಲ್ಲಿ ಇರಬೇಕಾದದ್ದೇ. ಅವುಗಳ ನಡುವೆ ಅಲ್ಲಲ್ಲಿ ಚರೆಕೋವಿ ಮದ್ದಿನ ಚಪ್ಪಟೆಯ, ತೆಳುವಾದ ಬಿಲ್ಲೆಗಳು. ಬೆರಳಿನಿಂದ ಸರಿಸಿದಷ್ಟೂ ಬಿಲ್ಲೆಗಳು. ಯಾವುದೋ ದಿನ ಚಿಕ್ಕಪ್ಪ ಉಳಿದ ಮದ್ದನ್ನು ತಪ್ಪು ಡಬ್ಬಿಗೆ ಸುರಿದು, ಮುಚ್ಚಳ ಹಾಕಿ, ಮರೆತಿದ್ದ. ಬರುವ ಭಾನುವಾರ ಅದರಿಂದಲೇ ತೋಟಾ ತುಂಬಬೇಕೆಂದು ಅವಳು ತಕ್ಕಡಿಯನ್ನೂ ತೆಗೆದಿಟ್ಟಿದ್ದಳು. ತಕ್ಕಡಿಯನ್ನು ತಿರುಗಿ ಒಳಗಿಟ್ಟಳು.

ಮಧ್ಯಾಹ್ನ ಚಿಕ್ಕಮ್ಮನ ಬಳಿ ಹೋಗಿ ಎಲ್ಲವನ್ನೂ ಹೇಳಿದಳು. ಪಾವ್ಲಾ ಏಪ್ರನ್ನಿನಲ್ಲಿ ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡಳು. ಆಶ್ಚರ್ಯಪಡಲಿಲ್ಲ.

"ನಿನ್ನ ಚಿಕ್ಕಪ್ಪ ಕೊನೆಕೊನೆಗೆ ಕಾಫಿಗೆ ಉಪ್ಪು ಹಾಕ್ಕೊಂಡು ಕುಡೀತಿದ್ರು," ಎಂದಳು. "ನನ್ನನ್ನ ಅವರ ಅಮ್ಮನ ಹೆಸರಲ್ಲಿ ಕರೆಯೋರು. ಯಾರಿಗೂ ಹೇಳ್ಬೇಡ ಅಂದಿದ್ರು, ಹೇಳಿದ್ರೆ ಕೋವಿ ಕಿತ್ಕೋತಾರೆ ಅಂತ. ನಾನೂ ಹೇಳ್ಲಿಲ್ಲ."

"ಮತ್ತೆ ವಿಂಕೊ ಮಾವನ ಮೇಲೆ ಯಾಕೆ ಸಂಶಯ ಬರೋ ಹಾಗೆ ಮಾತಾಡಿದ್ರಿ?"

"ಅವರ ಮರೆವಿನ ವಿಷಯ ನೀನು ಕೆದಕಬಾರದು ಅಂತ," ಎಂದು ಚಿಕ್ಕಮ್ಮ ಒಲೆಯ ಕಡೆ ತಿರುಗಿದಳು.

ರೈಫಲ್ಲನ್ನು ಯೆರ್ನೆಯಾ ಗಡಿಯಾಚೆಯ ಕೋವಿ ಕಮ್ಮಾರನಿಗೆ ತೋರಿಸಿದಳು. ತೋಟಾವನ್ನು ಹಿಂದಿನಿಂದ ಬಿಗಿಹಿಡಿಯುವ ಬೋಲ್ಟಿನ ಹಲ್ಲಿನಲ್ಲಿ ಸಣ್ಣ ಬಿರುಕಿತ್ತು. ಇನ್ನೊಂದು ಈಡನ್ನೂ ತಡೆಯದು ಅಂದುಬಿಟ್ಟ. ಹಿಂತಿರುಗಿ ಬಂದು ವಿಂಕೊನ ಅಂಗಳದಲ್ಲಿ ಕಾರು ನಿಲ್ಲಿಸಿದಳು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದರೆ ಅವನು ಕೈ ಅಡ್ಡ ಹಿಡಿದ.

"ನಾನೂ ನಿನ್ನ ಜಾಗದಲ್ಲಿದ್ರೆ ಕಳ್ಳ ಅಂತಾನೇ ಅಂತಿದ್ದೆ. ಊಟ ಮಾಡ್ತೀಯಾ? ಹುಳಿ ಬರಿಸಿದ ಟರ್ನಿಪ್ ಗೆಡ್ಡೆ ಇದೆ, ಸಾಸೇಜ್ ಇದೆ."

ಅವಳು ಒಳಗೆ ಹೋಗಿ ಕುಳಿತಳು. ಊಟದ ನಡುವೆ ಅವನು ಸ್ರೆಚ್ಕೊನ ಕಾಲದ ಒಂದು ಜಿಂಕೆ ಬೇಟೆಯ ಕಥೆ ಹೇಳತೊಡಗಿದ. ಅವಳು ಅದನ್ನು ಹಿಂದೆ ಕೇಳಿರಲಿಲ್ಲ.